ಬ್ಯಾಥರ್ಸ್ಟ್ ರಸ್ತೆಯ ಹೀಬ್ರೂ ಶಾಲೆಗಳಲ್ಲಿ ಮಕ್ಕಳು ಏನು ಕಲಿಯುತ್ತಾರೆ?



ಟೊರಾಂಟೋದ ಬ್ಯಾಥರ್ಸ್ಟ್ ಸ್ಟ್ರೀಟ್ ಹಿಡಿದು, ಎಗ್ಲಿಂಟನ್ ದಾಟಿ ಉತ್ತರಕ್ಕೆ ಹೋದರೆ ಥಾರ್ನ್‌ಹಿಲ್ ತನಕವೂ ಅಲ್ಲಲ್ಲಿ ಹೀಬ್ರೂ ಅಕ್ಷರದ ಬೋರ್ಡುಗಳು ಕಾಣುತ್ತವೆ. ಬೇಕರಿ, ಪುಸ್ತಕದಂಗಡಿ, ಸಿನಗಾಗ್, ನಡುನಡುವೆ ಶಾಲೆಗಳು. ನಮ್ಮಲ್ಲಿ ಎಷ್ಟೋ ಜನ ಆ ದಾರಿಯಲ್ಲೇ ಕೆಲಸಕ್ಕೆ ಹೋಗಿ ಬರುತ್ತೇವೆ. ಆ ಶಾಲೆಗಳ ಒಳಗೆ ಏನು ನಡೆಯುತ್ತದೆ ಎಂದು ಕೇಳಿದರೆ ಮಾತ್ರ "ಅವರ ಧರ್ಮ ಹೇಳಿಕೊಡ್ತಾರೆ" ಎಂದು ಹೇಳಿ ಸುಮ್ಮನಾಗುತ್ತೇವೆ. ನಮ್ಮ ಭಾನುವಾರದ ಕನ್ನಡ ತರಗತಿಗೆ ಮಕ್ಕಳನ್ನು ಎಳೆದುಕೊಂಡು ಹೋಗುವ ತಾಯ್ತಂದೆಯರಿಗೆ ಆ ತರಗತಿಗಳ ವಿಷಯ ತಿಳಿದಿರುವುದು ಒಳ್ಳೆಯದು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಹಳೆಯ ಲೆಕ್ಕ. 1931ರ ಕೆನಡಾ ಜನಗಣತಿಯಲ್ಲಿ ಇಲ್ಲಿನ ಯಹೂದಿಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ತಮ್ಮ ಮಾತೃಭಾಷೆ ಯಿಡ್ಡಿಷ್ ಎಂದು ಬರೆಸಿದ್ದರು. ಯಿಡ್ಡಿಷ್ ಎಂದರೆ ಪೂರ್ವ ಯೂರೋಪಿನಿಂದ ಬಂದವರ ಮನೆಮಾತು. ಜರ್ಮನ್ ಮೂಲದ್ದು, ಬರೆಯುವುದು ಹೀಬ್ರೂ ಲಿಪಿಯಲ್ಲಿ. ಕೆನ್ಸಿಂಗ್ಟನ್ ಮಾರ್ಕೆಟ್ಟಿನಲ್ಲಿ, ಸ್ಪಡೈನಾದ ಬಟ್ಟೆ ಕಾರ್ಖಾನೆಗಳಲ್ಲಿ ಅದೇ ಮಾತು. ಪತ್ರಿಕೆ ಇತ್ತು, ನಾಟಕ ಇತ್ತು, ಜಗಳವೂ ಅದರಲ್ಲೇ. ಎರಡು ಮೂರು ತಲೆಮಾರಿನಲ್ಲಿ ಹಸೀದಿ ಪಂಥದ ಕುಟುಂಬಗಳನ್ನು ಬಿಟ್ಟರೆ ಉಳಿದ ಮನೆಗಳಿಂದ ಅದು ಹೆಚ್ಚು ಕಡಿಮೆ ಹೊರಟೇ ಹೋಯಿತು. "ಮನೆಯಲ್ಲಿ ಮಾತಾಡಿದರೆ ಸಾಕು, ಭಾಷೆ ತಾನಾಗಿ ಉಳಿಯುತ್ತೆ" ಎಂದು ನಾವು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳುತ್ತೇವಲ್ಲ, ಅದನ್ನು ಇಟ್ಟುಕೊಂಡು ಈ ಲೆಕ್ಕ ನೋಡಿ. ಅದೇ ಊರಿನಲ್ಲಿ, ಬಹುಪಾಲು ಮನೆಗಳಲ್ಲಿ ಯಾರೂ ಆಡದ ಹೀಬ್ರೂವನ್ನು ಮಕ್ಕಳು ಇವತ್ತಿಗೂ ಓದುತ್ತಾರೆ, ಬರೆಯುತ್ತಾರೆ, ಹಾಡುತ್ತಾರೆ. ಅದು ಶಾಲೆಯ ಕೆಲಸ.

ಈ ಶಾಲೆಗಳೆಲ್ಲ ಒಂದೇ ಥರ ಅಲ್ಲ. ಅಸೋಸಿಯೇಟೆಡ್ ಹೀಬ್ರೂ ಸ್ಕೂಲ್ಸ್‌ನ ಬೇರು 1907ರಷ್ಟು ಹಿಂದಕ್ಕೆ ಹೋಗುತ್ತದೆ. ಕವಿ ಹಾಯಿಮ್ ನಹ್ಮಾನ್ ಬಿಯಾಲಿಕ್ (1873–1934) ಹೆಸರಿನ ಬಿಯಾಲಿಕ್ ಹೀಬ್ರೂ ಡೇ ಸ್ಕೂಲ್ ಭಾಷೆ ಮತ್ತು ಸಂಸ್ಕೃತಿಗೆ ಒತ್ತು ಕೊಡುವಂಥದ್ದು. 1996ರಲ್ಲಿ ಶುರುವಾದ ಟೊರಾಂಟೋ ಹೆಶೆಲ್ ಸ್ಕೂಲ್ ಕಲೆಗೂ ಪರಿಸರಕ್ಕೂ ಹೆಸರಾದದ್ದು. 1965ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಜೊತೆ ಸೆಲ್ಮಾದಲ್ಲಿ ನಡೆದ ರಬ್ಬಿ ಅಬ್ರಹಾಂ ಜೋಶುವಾ ಹೆಶೆಲ್ ಅವರ ಹೆಸರು ಅದಕ್ಕೆ. ತುಂಬ ಸಂಪ್ರದಾಯಸ್ಥ ಶಾಲೆಗಳಲ್ಲಿ ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ತರಗತಿ. ಆದರೂ ದಿನದ ಕಟ್ಟು ಸುಮಾರಾಗಿ ಒಂದೇ: ದಿನದ ಒಂದು ಭಾಗ ಒಂಟಾರಿಯೋದ ಮಕ್ಕಳೆಲ್ಲ ಓದುವ ಗಣಿತ, ವಿಜ್ಞಾನ, ಇಂಗ್ಲಿಷು; ಇನ್ನೊಂದು ಭಾಗ ಹೀಬ್ರೂ, ಬೈಬಲ್, ಪ್ರಾರ್ಥನೆ, ಹಬ್ಬ. ಹಲವು ಕಡೆ ಫ್ರೆಂಚೂ ಸೇರಿ ಮೂರು ಭಾಷೆ. ಹೀಬ್ರೂ ಭಾಗಕ್ಕೆ ದಿನಕ್ಕೆ ಎರಡೂವರೆ ಗಂಟೆ ಎಂದಿಟ್ಟುಕೊಂಡರೂ ವಾರಕ್ಕೆ ಹನ್ನೆರಡು ಗಂಟೆ ದಾಟುತ್ತದೆ. ನಮ್ಮ ಭಾನುವಾರದ ತರಗತಿಯ ಲೆಕ್ಕ ನಿಮಗೇ ಗೊತ್ತು, ಅದರಲ್ಲೂ ಹಿಮ ಬಿದ್ದ ವಾರ ರಜೆ.

ಒಂದನೇ ಕ್ಲಾಸಿನ ಹೀಬ್ರೂ ಪೀರಿಯಡ್ ಹೇಗಿರುತ್ತದೆ? ಟೀಚರು ಸಾಧ್ಯವಾದಷ್ಟೂ ಇಂಗ್ಲಿಷ್ ಆಡುವುದಿಲ್ಲ. ಇದಕ್ಕೆ "ಇವ್ರಿತ್ ಬೆ ಇವ್ರಿತ್", ಅಂದರೆ ಹೀಬ್ರೂವನ್ನು ಹೀಬ್ರೂವಿನಲ್ಲೇ ಕಲಿಸುವುದು ಎನ್ನುತ್ತಾರೆ. ಮಗುವಿಗೆ ನೀರು ಬೇಕೇ? "ಎಫ್ಷರ್ ಲಿಶ್ತೋತ್ ಮಾಯಿಮ್?" ಎಂದು ಕೇಳಬೇಕು. ಟಾಯ್ಲೆಟ್ಟಿಗೆ ಹೋಗಲೂ ಅದೇ ಭಾಷೆ. ಇಂಥ ವಾಕ್ಯಗಳನ್ನು ಚಾರ್ಟಿನಲ್ಲಿ ಬರೆದು ಗೋಡೆಗೆ ಅಂಟಿಸಿರುತ್ತಾರೆ. ಮಗು ಮೊದಲು ಗೋಡೆ ನೋಡಿ ಓದುತ್ತದೆ, ಆಮೇಲೆ ನೋಡದೇ ಹೇಳುತ್ತದೆ. ಮಾಂಟ್ರಿಯಲ್‌ನಲ್ಲಿ ರೂಪುಗೊಂಡು ಹಲವು ದೇಶಗಳಿಗೆ ಹೋದ "ಟಾಲ್ ಆಮ್" ಎಂಬ ಪಠ್ಯಕ್ರಮದಲ್ಲಂತೂ ಪ್ರತಿ ಪಾಠಕ್ಕೂ ಹಾಡು, ಚಾರ್ಟು, ಆಟ. ನಾವು ಏನು ಮಾಡುತ್ತೇವೆ? "ಅ ಅಂದರೆ ಅಗಸ, ಆ ಅಂದರೆ ಆನೆ" ಎಂದು ಕನ್ನಡ ಪಾಠ ಮಾಡಿ, "ಓಕೆ ಕಿಡ್ಸ್, ಸಿಟ್ ಡೌನ್" ಎನ್ನುತ್ತೇವೆ. ಅಗಸ, ಆನೆ ಎರಡೂ ಬ್ರ್ಯಾಂಪ್ಟನ್ನಿನಲ್ಲಿ ಬೆಳೆಯುವ ಮಗುವಿಗೆ ದಿನಬಳಕೆಯ ಪ್ರಾಣಿಗಳಲ್ಲ, ಮನುಷ್ಯರೂ ಅಲ್ಲ! ಬೇಕಾದ್ದು ನೀರು, ಬಾಗಿಲು, "ನನ್ನ ಪೆನ್ಸಿಲ್ ಎಲ್ಲಿ" ಎಂಬ ಮಾತು.

ಹೀಬ್ರೂವಿನ 22 ಅಕ್ಷರಗಳನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಅವೆಲ್ಲ ವ್ಯಂಜನಗಳು, ಸ್ವರಕ್ಕೆ ಅಕ್ಷರದ ಮೇಲೆ ಕೆಳಗೆ ಚುಕ್ಕೆ, ಗೆರೆ ಇಡುತ್ತಾರೆ. ಆದರೆ ಈ ಚುಕ್ಕೆಗಳಿರುವುದು ಮುಖ್ಯವಾಗಿ ಮಕ್ಕಳ ಪುಸ್ತಕ, ಕಾವ್ಯ ಮತ್ತು ಪ್ರಾರ್ಥನಾ ಪುಸ್ತಕಗಳಲ್ಲಿ. ದೊಡ್ಡವರ ಪತ್ರಿಕೆಯಲ್ಲಿ ಇರುವುದಿಲ್ಲ, ಊಹಿಸಿಕೊಂಡು ಓದಬೇಕು. ಕಾಗುಣಿತ ಕಷ್ಟ ಎಂದು ಗೊಣಗುವ ನಮ್ಮ ಮಕ್ಕಳಿಗೆ ಇದನ್ನು ಹೇಳಿ. ಕನ್ನಡದಲ್ಲಿ ಒಮ್ಮೆ ಗುಣಿತ ಕಲಿತರೆ ಕಂಡದ್ದನ್ನೆಲ್ಲ ಓದಬಹುದು. ಯೂರೋಪಿನ ಯಹೂದಿಗಳಲ್ಲಿ ಮಧ್ಯಯುಗದಿಂದ ಒಂದು ಪದ್ಧತಿ ಇತ್ತು: ಅಕ್ಷರ ಬರೆದ ಹಲಗೆಗೆ ಜೇನು ಸವರಿ, ಮಗು ಅದನ್ನು ನೆಕ್ಕುವುದು. ವಿದ್ಯೆ ಸಿಹಿಯಾಗಲಿ ಎಂದು. ಈಗಲೂ ಕೆಲವು ಶಾಲೆಗಳು ಬೇರೆ ಬೇರೆ ರೂಪದಲ್ಲಿ ಇದನ್ನು ಮಾಡುತ್ತವೆ. ತಟ್ಟೆಯ ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ಅಕ್ಷರ ಬರೆಸುವ ನಮಗೆ ಇದು ಹೊಸದೇನಲ್ಲ. ವ್ಯತ್ಯಾಸ ಇರುವುದು ಮುಂದಿನ ಹೆಜ್ಜೆಯಲ್ಲಿ. ಹಲವು ಶಾಲೆಗಳಲ್ಲಿ ಒಂದನೇ ಕ್ಲಾಸಿನ ಮಗು ಓದಲು ಕಲಿತ ಮೇಲೆ ಒಂದು ಸಮಾರಂಭ ಮಾಡಿ "ಸಿದ್ದೂರ್", ಅಂದರೆ ಪ್ರಾರ್ಥನಾ ಪುಸ್ತಕ ಕೊಡುತ್ತಾರೆ. ಅದರ ಹೊದಿಕೆಯನ್ನು ಕೆಲವು ಕಡೆ ತಾಯ್ತಂದೆಯರೇ ಮನೆಯಲ್ಲಿ ಬಟ್ಟೆ, ಬಣ್ಣ ಹಾಕಿ ಮಾಡಿರುತ್ತಾರೆ. ಅಜ್ಜ ಅಜ್ಜಿಯರು ಮುಂದಿನ ಸಾಲಿನಲ್ಲಿ. ಮುಂದೆ ಬೈಬಲ್ಲಿನ ಮೊದಲ ಐದು ಪುಸ್ತಕಗಳನ್ನು ಓದಲು ಶುರುಮಾಡುವಾಗ ಇನ್ನೊಂದು ಸಮಾರಂಭ. ನಮ್ಮ ಅಕ್ಷರಾಭ್ಯಾಸ ಮೂರು ವರ್ಷದ ಮಗುವಿಗೆ ಆಗುತ್ತದೆ, ಫೋಟೋ ಆಲ್ಬಂ ಸೇರುತ್ತದೆ. ಮಗು ನಿಜಕ್ಕೂ ಓದಲು ಕಲಿತ ದಿನ ನಮ್ಮಲ್ಲಿ ಯಾವ ಆರತಿಯೂ ಇಲ್ಲ.

ದಿನ ಶುರುವಾಗುವಾಗ ಎರಡು ತಾರೀಖು ಹೇಳುವುದು ಇನ್ನೊಂದು ಅಭ್ಯಾಸ. ಒಂದು ಎಲ್ಲರ ತಾರೀಖು, ಇನ್ನೊಂದು ಹೀಬ್ರೂ ತಿಂಗಳಿನದು. ಅವರದೂ ಚಾಂದ್ರಮಾನವೇ. ಸೂರ್ಯನ ವರ್ಷಕ್ಕೆ ಹೊಂದಿಸಲು 19 ವರ್ಷಕ್ಕೆ 7 ಸಲ ಒಂದು ತಿಂಗಳು ಹೆಚ್ಚಿಗೆ ಸೇರಿಸುತ್ತಾರೆ, ನಮ್ಮ ಅಧಿಕ ಮಾಸದ ಹಾಗೆ. ಈ ಪಂಚಾಂಗ ಗೋಡೆಯ ಮೇಲೆ ಇರುವುದರಿಂದ ಹಬ್ಬ ಮಗುವಿಗೆ ತಟ್ಟನೆ ಬಂದು ಬೀಳುವುದಿಲ್ಲ, ನಾಲ್ಕು ವಾರ ಮೊದಲೇ ಕಾಯುತ್ತದೆ. ಅಡಾರ್ ತಿಂಗಳು ಬಂತೆಂದರೆ ಪೂರಿಮ್ ಹಬ್ಬದ ವೇಷ, ಗಿರಗಟ್ಲೆ, ಸ್ನೇಹಿತರಿಗೆ ಹಂಚುವ ತಿಂಡಿ ಪೊಟ್ಟಣ.

ಶುಕ್ರವಾರದ ಮಾತು ಹೇಳಲೇಬೇಕು. ಶಬ್ಬತ್ ಶುರುವಾಗುವುದು ಆ ದಿನ ಸೂರ್ಯ ಮುಳುಗುವಾಗ. ಶಿಶುವಿಹಾರ, ಒಂದನೇ ಕ್ಲಾಸುಗಳಲ್ಲಿ ಬೆಳಿಗ್ಗೆಯೇ ಅದರ ತಾಲೀಮು. ಒಂದು ಮಗು ಆ ವಾರದ "ಶಬ್ಬತ್ ಅಮ್ಮ", ಇನ್ನೊಂದು "ಶಬ್ಬತ್ ಅಪ್ಪ". ಮೇಣದ ಬತ್ತಿ, ದ್ರಾಕ್ಷಿ ರಸ, ಜಡೆಯಂತೆ ಹೆಣೆದ "ಹಲ್ಲಾ" ಎಂಬ ಬ್ರೆಡ್ಡು. ಅದಕ್ಕೂ ಮೊದಲು "ತ್ಸೆದಾಕಾ" ಡಬ್ಬಿ ಸುತ್ತು ಬರುತ್ತದೆ, ಪ್ರತಿ ಮಗು ಒಂದೆರಡು ನಾಣ್ಯ ಹಾಕುತ್ತದೆ. ದಾನ ಎಂದು ಅನುವಾದಿಸುತ್ತೇವಾದರೂ ಆ ಪದದ ಮೂಲ ಅರ್ಥ ನ್ಯಾಯ. ಮನೆಗೆ ಹೋಗುವಾಗ ಹಲವು ಶಾಲೆಗಳಲ್ಲಿ ಕೈಗೆ ಒಂದು ಹಾಳೆ ಕೊಡುತ್ತಾರೆ. ತೋರಾವನ್ನು 54 ಭಾಗ ಮಾಡಿ ವರ್ಷದಲ್ಲಿ ಓದಿ ಮುಗಿಸುತ್ತಾರೆ; ಹಾಳೆಯಲ್ಲಿರುವುದು ಆ ವಾರದ ಭಾಗದ ಕಥೆ ಮತ್ತು ಊಟಕ್ಕೆ ಕೂತಾಗ ಕೇಳಲು ಮೂರು ನಾಲ್ಕು ಪ್ರಶ್ನೆ. ಅಪ್ಪನಿಗೆ ಉತ್ತರ ಗೊತ್ತಿಲ್ಲದಿದ್ದರೆ ಮಗು ಹೇಳಿಕೊಡುತ್ತದೆ. ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಈ ಹಾಳೆ. ಬೇರೆ ಖರ್ಚಿಲ್ಲ, ಒಂದು ಪುಟ ಕಾಗದ ಸಾಕು.

ಪ್ರಶ್ನೆಯೇ ಪಾಠವಾಗುವ ಇನ್ನೊಂದು ಜಾಗ ಪಾಸೋವರ್. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿನ ಹಬ್ಬ. ರಜೆಗೆ ಮುಂಚೆ ಶಾಲೆಯಲ್ಲೇ ಮಾದರಿ "ಸೇದೆರ್" ಊಟ ಮಾಡಿಸುತ್ತಾರೆ. ಕಹಿಗೆ ಹಾರ್ಸ್‌ರ‍್ಯಾಡಿಷ್ ಗೆಡ್ಡೆ, ಕಣ್ಣೀರಿಗೆ ಉಪ್ಪು ನೀರು, ಇಟ್ಟಿಗೆಯ ಗಾರೆಗೆ ಸೇಬು ಮತ್ತು ಬೀಜಗಳ ಸಿಹಿ ಮಿಶ್ರಣ, ಹುಳಿ ಬರಿಸದ ಮಾತ್ಸಾ ರೊಟ್ಟಿ. ಈ ರಾತ್ರಿ ಬೇರೆ ರಾತ್ರಿಗಳ ಹಾಗೆ ಏಕಿಲ್ಲ ಎಂದು ಮನೆಯ ಅತಿ ಚಿಕ್ಕ ಮಗು ಹಾಡಿ ಕೇಳಬೇಕು. ಕೇಳುವ ತನಕ ಕಥೆ ಮುಂದೆ ಹೋಗದು. ಹಾಗಾಗಿ ಕ್ಲಾಸಿನಲ್ಲಿ ವಾರಗಟ್ಟಲೆ ಆ ಪ್ರಶ್ನೆಗಳ ಅಭ್ಯಾಸ. ಪ್ರಶ್ನೆ ಕೇಳಲು ತಿಳಿಯದ ಮಗುವಿಗೆ ಏನು ಮಾಡಬೇಕು ಎಂಬುದನ್ನೂ ಅವರ ಹಬ್ಬದ ಪುಸ್ತಕ ಯೋಚಿಸಿದೆ: ದೊಡ್ಡವರೇ ಮಾತು ತೆಗೆಯಬೇಕು. ಯುಗಾದಿಯ ಬೇವು ಬೆಲ್ಲ ನೆನಪಾಯಿತೇ? ಅದೇ ಕಹಿ, ಅದೇ ಸಿಹಿ. "ಛೀ, ಕಹಿ!" ಎನ್ನುವ ಮಗುವಿಗೆ "ಸುಮ್ನೆ ನುಂಗು" ಎನ್ನುತ್ತೇವೆ.

ದೊಡ್ಡ ಕ್ಲಾಸುಗಳಲ್ಲಿ ಓದುವ ರೀತಿಯೂ ಗದ್ದಲದ್ದೇ. "ಹವ್ರೂತಾ" ಎಂದರೆ ಇಬ್ಬರು ಎದುರುಬದುರು ಕೂತು, ಒಂದು ಸಾಲು ಗಟ್ಟಿಯಾಗಿ ಓದಿ, ಅರ್ಥಕ್ಕೆ ವಾದ ಮಾಡುವುದು. ಪುಟದಲ್ಲಿ ಮೂಲ ಪಠ್ಯದ ಜೊತೆ 11ನೇ ಶತಮಾನದ ರಾಶಿ ಎಂಬ ಪಂಡಿತರ ವ್ಯಾಖ್ಯಾನ. ವ್ಯಾಖ್ಯಾನಕಾರರಿಗೆ ಇಲ್ಲಿ ಯಾವ ಸಂಶಯ ಬಂದಿರಬೇಕು ಎಂಬುದು ಟೀಚರು ಕೇಳುವ ಮಾಮೂಲಿ ಪ್ರಶ್ನೆ. ನಮ್ಮ ಗಮಕ ಕಾರ್ಯಕ್ರಮದಲ್ಲಿ ಒಬ್ಬರು ಕುಮಾರವ್ಯಾಸ ವಾಚನ ಮಾಡಿ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರಲ್ಲ, ಅದಕ್ಕೆ ಹತ್ತಿರ. ಇಲ್ಲಿ ಮಾತ್ರ ಎರಡೂ ಕೆಲಸ ಹತ್ತು ಹನ್ನೊಂದು ವರ್ಷದ ಮಕ್ಕಳದೇ.

ಎಲ್ಲ ಚೆಂದವೇ ಎಂದುಕೊಳ್ಳಬೇಡಿ. ಎಂಟು ವರ್ಷ ಓದಿದವರೆಲ್ಲ ಹೀಬ್ರೂ ಸಲೀಸಾಗಿ ಆಡುತ್ತಾರೆ ಎಂದೇನಿಲ್ಲ, ಅವರ ತಾಯ್ತಂದೆಯರೇ ಈ ಬಗ್ಗೆ ಗೊಣಗುವುದುಂಟು. ಖರ್ಚಂತೂ ವಿಪರೀತ. ಒಂದು ಮಗುವಿಗೆ ವರ್ಷಕ್ಕೆ 15,000 ಡಾಲರಿಗೂ ಮೇಲೆ ಶುಲ್ಕ ಇರುವ ಶಾಲೆಗಳು ಹಲವು. ಒಂಟಾರಿಯೋ ಸರ್ಕಾರ ಕ್ಯಾಥೊಲಿಕ್ ಶಾಲೆಗಳಿಗೆ ಹಣ ಕೊಡುತ್ತದೆ, 1867ರ ಸಂವಿಧಾನದ ಒಪ್ಪಂದದಿಂದಾಗಿ. ಬೇರೆ ಧರ್ಮದ ಶಾಲೆಗಳಿಗೆ ಇಲ್ಲ. ಯಹೂದಿ ಪೋಷಕರು ಕೋರ್ಟಿಗೆ ಹೋದರು, 1996ರಲ್ಲಿ ಸುಪ್ರೀಂ ಕೋರ್ಟ್ ಕೊಡಬೇಕಾಗಿಲ್ಲ ಎಂದಿತು. 1999ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಇದು ತಾರತಮ್ಯ ಎಂದಿತು, ಏನೂ ಬದಲಾಗಲಿಲ್ಲ. 2007ರ ಚುನಾವಣೆಯಲ್ಲಿ ಜಾನ್ ಟೋರಿ ಎಲ್ಲ ಧರ್ಮಗಳ ಶಾಲೆಗೂ ಹಣ ಕೊಡುತ್ತೇವೆಂದು ಹೇಳಿ ಸೋತರು. ಇನ್ನು ಭಯ. 2024ರಲ್ಲಿ ನಾರ್ತ್ ಯಾರ್ಕಿನ ಒಂದು ಯಹೂದಿ ಬಾಲಕಿಯರ ಶಾಲೆಯ ಮೇಲೆ ಮೂರು ಸಲ ಗುಂಡು ಹಾರಿತು. ಮಕ್ಕಳು ಒಳಗಿಲ್ಲದ ಹೊತ್ತಿನಲ್ಲಿ ಎಂಬುದಷ್ಟೇ ಸಮಾಧಾನ. ಗೇಟಿನಲ್ಲಿ ಕಾವಲು ನೋಡಿ "ಇವರಿಗೇನು ಇಷ್ಟು ಬಿಗುಮಾನ" ಎನ್ನುವ ಮುಂಚೆ ಇದು ನೆನಪಿರಲಿ.

ನಮಗೆ ಅಂಥ ಪೂರ್ಣ ಪ್ರಮಾಣದ ಶಾಲೆ ಕಟ್ಟುವ ಯೋಗ್ಯತೆಯಾಗಲಿ ಸಂಖ್ಯೆಯಾಗಲಿ ಸದ್ಯಕ್ಕಿಲ್ಲ. ಆದರೆ ಒಂಟಾರಿಯೋದಲ್ಲಿ 1977ರಿಂದ ಬಂದ ಇನ್ನೊಂದು ದಾರಿ ಇದೆ. ಆಗ ಹೆರಿಟೇಜ್ ಲ್ಯಾಂಗ್ವೇಜ್ ಎನ್ನುತ್ತಿದ್ದರು, ಈಗ ಇಂಟರ್‌ನ್ಯಾಷನಲ್ ಲ್ಯಾಂಗ್ವೇಜಸ್ ಪ್ರೋಗ್ರಾಂ. ಒಂದು ಸ್ಕೂಲ್ ಬೋರ್ಡಿನ 25 ಪ್ರಾಥಮಿಕ ಶಾಲಾ ಮಕ್ಕಳ ಪರವಾಗಿ ಪೋಷಕರು ಬರೆದು ಕೇಳಿದರೆ ಬೋರ್ಡು ಆ ಭಾಷೆಯ ತರಗತಿ ನಡೆಸಬೇಕು, ವಾರಕ್ಕೆ ಎರಡೂವರೆ ಗಂಟೆ ತನಕ. ಇಪ್ಪತ್ತೈದು ಸಹಿ ನಮ್ಮ ಒಂದು ದೀಪಾವಳಿ ಊಟದ ಸಾಲಿನಲ್ಲೇ ಸಿಗುತ್ತದೆ. ಅಲ್ಲಿಯ ತನಕ, ಮುಂದಿನ ಭಾನುವಾರದಿಂದ ಮಕ್ಕಳ ಕೈಗೆ ಒಂದು ಹಾಳೆ ಕೊಟ್ಟು ಕಳಿಸಬಹುದು: ಒಂದು ಪಂಚತಂತ್ರದ ಕಥೆ, ಊಟದ ಹೊತ್ತಿಗೆ ಮೂರು ಪ್ರಶ್ನೆ, ಎಲ್ಲ ಕನ್ನಡದಲ್ಲಿ. ಮೊದಲ ಹಾಳೆಯನ್ನು ಯಾರು ಬರೆಯುತ್ತೀರಿ?