ಟೊಂಕದ ನೋವಿಗೂ ಬೋರಿನ ನೀರಿಗೂ

ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಲ್ಲಿ ಟೊಂಕ ಹಿಡಿದಿದೆ ಎಂದು ಬಂದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡೇ: ವಯಸ್ಸಾಯಿತು, ಇಲ್ಲವೇ ದುಡಿಮೆ ಹೆಚ್ಚಾಯಿತು. ಬಗ್ಗಿ ಭತ್ತ ನಾಟಿ ಮಾಡುವ, ಹತ್ತಿ ಬಿಡಿಸುವ, ಮೂಟೆ ಹೊರುವ ಸೀಮೆಯಲ್ಲಿ ಈ ಎರಡೂ ಸುಳ್ಳಲ್ಲ. ಆದರೆ ಇಲ್ಲಿನ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಮಿತಿ ಮೀರಿದೆ. ಹಾಗಿರುವಾಗ ಯಾವ ನೀರು ಕುಡಿಯುತ್ತೀರಿ, ಎಷ್ಟು ವರ್ಷದಿಂದ ಕುಡಿಯುತ್ತಿದ್ದೀರಿ ಎಂದು ಕೇಳದೆ ಟೊಂಕದ ನೋವಿಗೆ ಗುಳಿಗೆ ಬರೆದುಕೊಡುವುದು ಅರೆಬರೆ ವೈದ್ಯವೆಂದೇ ನನ್ನ ವಾದ.

ಎಲುಬು ಸತ್ತ ಕಲ್ಲಲ್ಲ. ದಿನವೂ ಸ್ವಲ್ಪ ಕರಗಿ ಸ್ವಲ್ಪ ಕಟ್ಟಿಕೊಳ್ಳುತ್ತಿರುತ್ತದೆ. ಅದರ ಖನಿಜದಲ್ಲಿ ಹೈಡ್ರಾಕ್ಸಿಲ್ ಅಯಾನು ಕೂರುವ ಜಾಗವೊಂದಿದೆ. ಫ್ಲೋರೈಡ್ ಅಯಾನಿನ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ, ಹಾಗಾಗಿ ಅದು ಸುಲಭವಾಗಿ ಆ ಜಾಗ ಹಿಡಿಯುತ್ತದೆ. ಜೊತೆಗೆ ಎಲುಬು ಕಟ್ಟುವ ಜೀವಕೋಶಗಳನ್ನೂ ಕೆರಳಿಸುತ್ತದೆ. ಎಲುಬು ದಪ್ಪವಾಗುತ್ತದೆ, ಗಟ್ಟಿಯಾಗುವುದಿಲ್ಲ. ಕೀಲುಗಳನ್ನು ಬಿಗಿದಿಡುವ ಅಸ್ಥಿರಜ್ಜುಗಳೂ ಸುಣ್ಣಗಟ್ಟುತ್ತವೆ. ಕೈಕಾಲಿನಲ್ಲಿ ಇದರಿಂದ ಬಿಗಿತ ಬಂದೀತು. ಬೆನ್ನೆಲುಬಿನಲ್ಲಿ ಆಗುವ ಹಾನಿ ಬೇರೆಯೇ ಮಟ್ಟದ್ದು. ಅದರೊಳಗಿನ ಕೊಳವೆಯಲ್ಲಿ ಬೆನ್ನುಹುರಿ ಇಳಿಯುತ್ತದೆ, ಅಕ್ಕಪಕ್ಕದ ಕಿಂಡಿಗಳಿಂದ 31 ಜೊತೆ ನರಗಳು ಹೊರಬೀಳುತ್ತವೆ. ಸುತ್ತಲಿನ ಗೋಡೆ ಒಳಮುಖವಾಗಿ ಬೆಳೆದರೆ ನರಕ್ಕೆ ಸರಿದುಕೊಳ್ಳಲು ಜಾಗವೇ ಇರುವುದಿಲ್ಲ. ನರದ ಬೇರು ಒತ್ತಿಕೊಂಡರೆ ತೊಡೆ, ಮೀನಖಂಡದವರೆಗೆ ಸೆಳೆತ. ಹುರಿಯೇ ಒತ್ತಿಕೊಂಡರೆ ನೋವಿಗಿಂತ ಮೊದಲು ಕಾಲು ಬಿಗಿಯಾಗಿ ನಡಿಗೆ ಎಡವಬಹುದು. ಒತ್ತಡ ಕುತ್ತಿಗೆಯಲ್ಲಿದ್ದು ಸೋತದ್ದು ಕಾಲಾಗಿರುವುದರಿಂದ, ಸೊಂಟದ ಸ್ಕ್ಯಾನ್ ಮಾತ್ರ ಮಾಡಿಸಿದವರಿಗೆ ರೋಗ ಕಣ್ತಪ್ಪಿ ಹೋಗುವುದುಂಟು. ಇದು ಹೊಸ ಸಂಗತಿಯೂ ಅಲ್ಲ: 1937ರಲ್ಲೇ ಶಾರ್ಟ್ ಮತ್ತು ಸಂಗಡಿಗರು ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯ ಜನರಲ್ಲಿ ಈ ಕಾಯಿಲೆಯನ್ನು ಗುರುತಿಸಿ ವರದಿ ಮಾಡಿದ್ದರು.

ಹಾಗಾದರೆ ಬೋರ್‌ವೆಲ್ಲೇ ಅಪರಾಧಿಯೇ? ಅಷ್ಟು ಸುಲಭವಾಗಿ ಹೇಳಲಾಗದು. ಬೋರು ಬರುವ ಮುಂಚೆ ಈ ಭಾಗದ ಜನ ಪಾವಟಿಗೆ ಬಾವಿಗೆ ಇಳಿದು ನೀರು ತುಂಬುತ್ತಿದ್ದರು, ಆ ನೀರಿನಿಂದಲೇ ನಾರುಹುಣ್ಣು ಹರಡುತ್ತಿತ್ತು. ಕಾಲಿನಿಂದ ಮೊಳಕ್ಕೂ ಉದ್ದದ ಹುಳು ವಾರಗಟ್ಟಲೆ ಹೊರಬರುವ ಆ ಯಾತನೆಯಿಂದ ಭಾರತ ಮುಕ್ತವಾಯಿತೆಂದು 2000ದಲ್ಲಿ ಘೋಷಣೆಯಾಗಿದ್ದರಲ್ಲಿ ಕೈಪಂಪಿನ ಪಾಲು ದೊಡ್ಡದು. ಕೊಳವೆಬಾವಿ ಮೇಲಿನ ಕೊಳೆಯನ್ನು ತಪ್ಪಿಸಿ ಆಳದ ಬಂಡೆಯ ಬಿರುಕಿನಿಂದ ನೀರೆತ್ತುತ್ತದೆ. ಶಹಾಪುರದ ಮಲಗಿದ ಬುದ್ಧನ ಬೆಟ್ಟದಂಥ ಗ್ರಾನೈಟ್ ಸೀಮೆಯಲ್ಲಿ ಆ ನೀರು ವರ್ಷಾನುಗಟ್ಟಲೆ ಬಂಡೆಗೆ ತಾಗಿಕೊಂಡೇ ಇದ್ದು, ಅದರ ಖನಿಜಗಳಿಂದ ಫ್ಲೋರೈಡನ್ನು ಎಳೆದುಕೊಂಡಿರುತ್ತದೆ. ಹುಳುವಿಲ್ಲದ ನೀರು ಶುದ್ಧವೆಂದು ನಂಬಿದ್ದು ಆ ಕಾಲಕ್ಕೆ ಸಹಜ. ಈಗಲೂ ಅದನ್ನೇ ನಂಬಿ ಕೂರುವುದು ಸರಿಯಲ್ಲ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಬೋರಿನಲ್ಲಿ ಸಿಕ್ಕ ಆರ್ಸೆನಿಕ್ ಇನ್ನೊಂದು ಎಚ್ಚರಿಕೆ. ಅದು ಚರ್ಮವನ್ನಷ್ಟೇ ಕೆಡಿಸುವುದಿಲ್ಲ, ಅಂಗಾಲಿನ ನರಗಳನ್ನು ನೇರವಾಗಿ ತಿಂದು ಉರಿ, ಜೋಮು ತರಬಲ್ಲದು.

ಒಂದೇ ಬೋರಿನ ನೀರು ಕುಡಿದ ಎಲ್ಲರಿಗೂ ನೋವಿಲ್ಲವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಬಿಸಿಲಲ್ಲಿ ದುಡಿಯುವವರು ನಾಲ್ಕೈದು ಲೀಟರ್ ಕುಡಿಯುತ್ತಾರೆ, ನೆರಳಲ್ಲಿ ಕೂತವರು ಅದರ ಅರ್ಧ. ಮೂತ್ರಪಿಂಡ ಸೋತವರಲ್ಲಿ ಫ್ಲೋರೈಡ್ ಹೊರಹೋಗದೆ ಉಳಿಯುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದರೆ ಹಾನಿ ಹೆಚ್ಚು. ಹಲ್ಲು ಬೆಳ್ಳಗಿದೆ, ಹಾಗಾಗಿ ಫ್ಲೋರೈಡ್ ಇರಲಾರದು ಎಂಬ ಮಾತು ಮಾತ್ರ ಅಪಾಯದ್ದು. ಹಲ್ಲಿನ ಮೇಲೆ ಕಲೆ ಬೀಳುವುದು ಹಲ್ಲು ರೂಪುಗೊಳ್ಳುವ ಬಾಲ್ಯದಲ್ಲಿ. ಬೇರೆ ಊರಿನಿಂದ ಸೊಸೆಯಾಗಿ ಬಂದು ಇಪ್ಪತ್ತು ವರ್ಷ ಇಲ್ಲಿನ ನೀರು ಕುಡಿದವಳ ಹಲ್ಲು ಶುಭ್ರವಾಗಿಯೇ ಇರುತ್ತದೆ, ಬೆನ್ನು ಬಗ್ಗುವುದಿಲ್ಲ. ಇನ್ನು ಟೊಂಕದ ನೋವೆಲ್ಲ ಫ್ಲೋರೈಡಿನದಲ್ಲ, ಬಹುಪಾಲು ತಾನೇ ವಾಸಿಯಾಗುವ ಸ್ನಾಯುಗಳ ನೋವು ಎಂಬುದನ್ನು ಒಪ್ಪಲೇಬೇಕು. ಎಂಆರ್‌ಐಯಲ್ಲಿ ಡಿಸ್ಕ್ ಉಬ್ಬಿದ್ದು ಕಂಡಿತೆಂದು ಹೆದರುವುದೂ ಬೇಡ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರನ್ನು ಸ್ಕ್ಯಾನ್ ಮಾಡಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಅಂಥ ಉಬ್ಬು ಕಂಡಿತ್ತು. ನೀರಿನ ಪ್ರಶ್ನೆ ಕೇಳಬೇಕಾದದ್ದು ಈ ಕಾರಣಕ್ಕೇ: ದುಬಾರಿ ಚಿತ್ರ ಹೇಳದ್ದನ್ನು ಅದು ಹೇಳೀತು.

ಪರೀಕ್ಷೆಗೆ ಹೆಚ್ಚು ಖರ್ಚಿಲ್ಲ. ಮುಂಗೈಯ ಸಾದಾ ಎಕ್ಸ್‌ರೇಯಲ್ಲಿ ಎರಡು ಎಲುಬುಗಳ ನಡುವಿನ ತೆಳು ಪೊರೆ ಸುಣ್ಣಗಟ್ಟಿ ಮುಳ್ಳಿನಂತೆ ಕಂಡರೆ ಸಂಶಯ ಬಲವಾಗುತ್ತದೆ. ಮೂತ್ರ ಮತ್ತು ನೀರಿನ ಫ್ಲೋರೈಡ್ ಅಳೆದರೆ ಚಿತ್ರ ಪೂರ್ತಿಯಾಗುತ್ತದೆ. ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪಬಹುದಾದ ಮಟ್ಟ, ಬೇರೆ ದಾರಿಯೇ ಇಲ್ಲದಿದ್ದರೆ 1.5. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಊರಿನ ಶುದ್ಧ ನೀರಿನ ಘಟಕದ ಪೊರೆ ಅದನ್ನು ತಡೆಯುತ್ತದೆ, ಆದರೆ ಪೊರೆ ಕಾಲಕಾಲಕ್ಕೆ ಬದಲಾಗಬೇಕು. ಕೆಟ್ಟು ನಿಂತ ಘಟಕದ ಊರಿನವರು ಮತ್ತೆ ಬೋರಿಗೇ ಹೋಗುತ್ತಾರೆ. ನೀರು ಬದಲಿಸಿದ ಮೇಲೆ ಎಲುಬಿನ ಫ್ಲೋರೈಡ್ ವರ್ಷಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಸುಣ್ಣಗಟ್ಟಿದ ಅಸ್ಥಿರಜ್ಜು ಮಾತ್ರ ಮೊದಲಿನಂತಾಗುವುದಿಲ್ಲ. ಹುರಿ ಒತ್ತಿಕೊಂಡವರಿಗೆ ಶಸ್ತ್ರಚಿಕಿತ್ಸೆಯೇ ಬೇಕಾದೀತು. ಕಾಲು ಬಿಗಿಯುವುದು, ಮೂತ್ರ ಹಿಡಿತ ತಪ್ಪುವುದು ಕಂಡ ದಿನವೇ ದೊಡ್ಡ ಆಸ್ಪತ್ರೆಗೆ ಕಳಿಸಬೇಕು.