ನಿಮಗಿದು ಗೊತ್ತೆ? ವೈರಸ್‌ಗೆ ಬಣ್ಣವಿಲ್ಲ!

ಟಿ.ವಿ.ಯಲ್ಲಿ ಕೊರೊನಾ ವೈರಸ್ಸನ್ನು ಕೆಂಪು ಮುಳ್ಳಿನ ಚೆಂಡಿನಂತೆ ನೋಡಿದ್ದೀರಲ್ಲ, ಆ ಕೆಂಪು ಯಾರೋ ಬಳಿದದ್ದು. ಬಹುತೇಕ ವೈರಸ್‌ಗಳು ಬೆಳಕಿನ ತರಂಗಾಂತರಕ್ಕಿಂತ ಚಿಕ್ಕವು. ಅವಕ್ಕೆ ಬಣ್ಣವೆಂಬುದೇ ಇಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕೊಡುವುದು ಕಪ್ಪು-ಬಿಳುಪು ಚಿತ್ರ.

ಬಳಿದ ಬಣ್ಣ ನಮ್ಮ ಭಯವನ್ನೂ ಹೆಚ್ಚಿಸುತ್ತದೆಯೇ? ಬ್ರಿಟನ್ನಿನ ಬ್ರಿಸ್ಟಲ್‌ನ ಕಲಾವಿದ ಲ್ಯೂಕ್ ಜೆರಾಮ್ ಅವರನ್ನು ಕಾಡಿದ್ದು ಇದೇ ಪ್ರಶ್ನೆ. (ಅವರಿಗೆ ಬಣ್ಣಗುರುಡು ಇದೆ ಎಂಬುದು ಸ್ವಾರಸ್ಯ.) ವೈರಾಣು ತಜ್ಞರ ನೆರವು ಪಡೆದು, ಗಾಜು ಊದುವ ಕುಶಲಕರ್ಮಿಗಳೊಂದಿಗೆ 2004ರಿಂದ ಎಚ್‌ಐವಿ, ಸಿಡುಬು ಮುಂತಾದ ರೋಗಾಣುಗಳ ಪಾರದರ್ಶಕ ಶಿಲ್ಪಗಳನ್ನು ಅವರು ಮಾಡಿಸುತ್ತಾ ಬಂದಿದ್ದಾರೆ. 2020ರ ಕೊರೊನಾ ಶಿಲ್ಪದ ವ್ಯಾಸ 23 ಸೆಂ.ಮೀ. ಅಂದರೆ ಅಸಲಿಗಿಂತ ಸುಮಾರು 20 ಲಕ್ಷ ಪಟ್ಟು ದೊಡ್ಡದು. ನೋಡಲು ಮಾತ್ರ ಬಲು ಸುಂದರ!