ಕಡೆಯ ಮಾತು ಯಾರದು?

ಮನೆಯಲ್ಲಿ ಒಂದೇ ಗಣಕಯಂತ್ರವಿದ್ದರೆ ಅದರ ಏರ್ಪಾಡುಗಳನ್ನು ಮನೆಯವರೇ ನಿರ್ಧರಿಸಿಕೊಳ್ಳಬಹುದು. ಆದರೆ ಒಂದು ಬ್ಯಾಂಕಿನಲ್ಲಿಯೋ ವಿಶ್ವವಿದ್ಯಾನಿಲಯದಲ್ಲಿಯೋ ಸಾವಿರಾರು ಯಂತ್ರಗಳಿರುತ್ತವೆ. ಪ್ರತಿಯೊಂದರ ಮುಂದೆಯೂ ಕುಳಿತು ಅದನ್ನು ಸಜ್ಜುಗೊಳಿಸುವುದು ಸಾಧ್ಯವೆ? ಈ ತೊಡಕನ್ನು ನಿವಾರಿಸಲು, ಒಂದೆಡೆಯಿಂದಲೇ ಎಲ್ಲ ಯಂತ್ರಗಳಿಗೂ ಆದೇಶ ನೀಡುವ ವ್ಯವಸ್ಥೆಗಳು ರೂಪುಗೊಂಡಿವೆ. ಮೈಕ್ರೋಸಾಫ್ಟ್ ಸಂಸ್ಥೆಯು 2000ನೆಯ ಇಸವಿಯಲ್ಲಿ ‘ವಿಂಡೋಸ್ 2000’ದೊಡನೆ ಬಳಕೆಗೆ ತಂದ ‘ಗ್ರೂಪ್ ಪಾಲಿಸಿ’ ಎಂಬುದು ಅಂತಹವುಗಳಲ್ಲಿ ಒಂದು. ಅದನ್ನು ಸಮೂಹನೀತಿ ಎಂದು ಕರೆಯಬಹುದು.

ಆದೇಶ ಕೊಡುವವರು ಒಬ್ಬರೇ ಆಗಿದ್ದರೆ ತೊಂದರೆಯಿಲ್ಲ. ದೊಡ್ಡ ಸಂಸ್ಥೆಯಲ್ಲಾದರೋ ಕೇಂದ್ರ ಕಚೇರಿಯೂ ಆದೇಶಿಸುತ್ತದೆ, ವಿಭಾಗವೂ ಆದೇಶಿಸುತ್ತದೆ. ಅವು ಪರಸ್ಪರ ವಿರುದ್ಧವಾದಾಗ ಯಂತ್ರವು ಯಾರ ಮಾತನ್ನು ಕೇಳಬೇಕು? ಇದಕ್ಕೆ ಒಂದು ಕ್ರಮವನ್ನು ಮೊದಲೇ ಗೊತ್ತುಪಡಿಸಲಾಗಿದೆ.

ಮೊದಲು ಜಾರಿಗೆ ಬರುವುದು ಆ ಯಂತ್ರದಲ್ಲಿಯೇ ಅಡಕವಾಗಿರುವ ಸ್ಥಳೀಯ ನೀತಿ. ತರುವಾಯ ಯಂತ್ರವಿರುವ ನೆಲೆಯ ನೀತಿ. ಆಮೇಲೆ, ಯಂತ್ರಗಳನ್ನೂ ಬಳಕೆದಾರರನ್ನೂ ಒಂದೇ ಆಡಳಿತದಡಿ ಕೂಡಿಸಿರುವ ‘ಡೊಮೇನ್’ನ ನೀತಿ. ಕಟ್ಟಕಡೆಗೆ ವಿಭಾಗದ ನೀತಿ. ವಿಭಾಗದೊಳಗೆ ಉಪವಿಭಾಗವಿದ್ದರೆ ಅದರದು ಇನ್ನೂ ಆಮೇಲೆ. ವಿರೋಧ ಬಂದಾಗ ನಂತರ ಬಂದ ನೀತಿಯೇ ನಿಲ್ಲುತ್ತದೆ. ಹಲಗೆಯ ಮೇಲೆ ಒಬ್ಬರು ಬರೆದುದನ್ನು ಅಳಿಸಿ ಮತ್ತೊಬ್ಬರು ಬರೆದರೆ ಉಳಿಯುವುದು ಕಡೆಯ ಬರಹವಲ್ಲವೆ? ಇದೂ ಹಾಗೆಯೇ.

ಒಂದು ನಿದರ್ಶನವನ್ನು ಪರಿಶೀಲಿಸೋಣ. ಒಂದು ಕಾಲೇಜಿನ ಡೊಮೇನ್ ನೀತಿಯು, ಯಾರೂ ಮುಟ್ಟದೆ 15 ನಿಮಿಷ ಕಳೆದರೆ ಯಂತ್ರದ ತೆರೆಗೆ ಬೀಗ ಬೀಳಬೇಕೆಂದು ವಿಧಿಸಿದೆಯೆನ್ನೋಣ. ಗ್ರಂಥಾಲಯಕ್ಕೆ ಹಲವರು ಬಂದು ಹೋಗುವುದರಿಂದ ಅಲ್ಲಿನ ವಿಭಾಗನೀತಿಯು ಆ ಅವಧಿಯನ್ನು 5 ನಿಮಿಷಕ್ಕೆ ಇಳಿಸಿದೆ. ಗ್ರಂಥಾಲಯದ ಯಂತ್ರಗಳಲ್ಲಿ 5 ನಿಮಿಷವೇ ನಿಲ್ಲುತ್ತದೆ. ವಿಭಾಗವು ಈ ವಿಷಯದಲ್ಲಿ ಏನನ್ನೂ ಹೇಳದೆ ಇದ್ದಿದ್ದರೆ ಡೊಮೇನ್‌ನ 15 ನಿಮಿಷವೇ ಉಳಿಯುತ್ತಿತ್ತು. ಮೌನವು ಮೇಲಿನ ಮಾತನ್ನು ಅಳಿಸುವುದಿಲ್ಲ. ಹತ್ತಿರದಲ್ಲಿರುವವರಿಗೆ ಅಲ್ಲಿನ ಅಗತ್ಯವು ಚೆನ್ನಾಗಿ ತಿಳಿದಿರುತ್ತದೆ ಎಂಬ ನಂಬಿಕೆಯೇ ಈ ಕ್ರಮದ ತಳಹದಿ.

ಆದರೆ ಎಲ್ಲ ವಿಷಯಗಳನ್ನೂ ಹೀಗೆ ಬಿಟ್ಟುಕೊಡಬಹುದೆ? 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ದುಷ್ಟ ತಂತ್ರಾಂಶವು ಅನೇಕ ದೇಶಗಳಲ್ಲಿ ಹರಡಿತು. ಅದು ನುಸುಳುತ್ತಿದ್ದ ಬಿರುಕನ್ನು ಮುಚ್ಚುವ ತಿದ್ದುಪಡಿಯನ್ನು ಮಾರ್ಚ್ ತಿಂಗಳಲ್ಲಿಯೇ ಹೊರಡಿಸಲಾಗಿತ್ತು. ಅದನ್ನು ಅಳವಡಿಸಿಕೊಳ್ಳದಿದ್ದ ಯಂತ್ರಗಳು ತುತ್ತಾದವು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯಸೇವೆಯಲ್ಲಿ ರೋಗಿಗಳ 19,000ಕ್ಕೂ ಹೆಚ್ಚು ಭೇಟಿಗಳು ರದ್ದಾದವೆಂದು ಅಂದಾಜಿಸಲಾಯಿತು. ಸೋಂಕು ತಗುಲಿದ ಒಂದು ಯಂತ್ರವು ಜಾಲದಲ್ಲಿರುವ ನೆರೆಯ ಯಂತ್ರಗಳಿಗೂ ಅಪಾಯಕಾರಿ.

ಆದುದರಿಂದ ಸಮೂಹನೀತಿಯಲ್ಲಿ ಮತ್ತೊಂದು ಏರ್ಪಾಡಿದೆ. ವಿಭಾಗವು ಮೇಲಿನ ನೀತಿಗಳು ತನ್ನೊಳಗೆ ಬಾರದಂತೆ ತಡೆಯೊಡ್ಡಬಹುದು. ಆದರೆ ಮೇಲಿನವರು ಯಾವುದಾದರೊಂದು ನೀತಿಯನ್ನು ‘ಕಡ್ಡಾಯ’ ಎಂದು ಗುರುತಿಸಿದರೆ ಅದು ಆ ತಡೆಯನ್ನು ದಾಟಿ ಬರುತ್ತದೆ. ಕೆಳಗಿನ ನೀತಿ ಅದನ್ನು ಅಳಿಸಲಾರದು. ಎರಡು ಕಡ್ಡಾಯ ನೀತಿಗಳೇ ಎದುರಾದರೆ ಮೇಲಿನದಕ್ಕೆ ಜಯ. ಹೀಗೆ ಇಲ್ಲಿ ಕ್ರಮವು ತಲೆಕೆಳಗಾಗುತ್ತದೆ.

ಹೊಸ ಆದೇಶವು ಯಂತ್ರಗಳನ್ನು ತಲಪುವುದು ಹೇಗೆ? ಬಳಕೆದಾರರ ಯಂತ್ರವು ಸಾಮಾನ್ಯವಾಗಿ 90 ನಿಮಿಷಗಳಿಗೊಮ್ಮೆ ತಾನಾಗಿಯೇ ಕೇಂದ್ರವನ್ನು ವಿಚಾರಿಸುತ್ತದೆ. ಎಲ್ಲ ಯಂತ್ರಗಳೂ ಒಮ್ಮೆಲೇ ಮುತ್ತದಿರಲೆಂದು ಈ ಅವಧಿಗೆ 30 ನಿಮಿಷಗಳವರೆಗೆ ಬೇರೆ ಬೇರೆ ವಿಳಂಬವನ್ನು ಸೇರಿಸಲಾಗುತ್ತದೆ. ಯಾವ ಯಂತ್ರದಲ್ಲಿ ಯಾವ ನೀತಿ ಗೆದ್ದಿತೆಂಬ ವರದಿಯನ್ನು ಪಡೆಯುವ ಸಾಧನವೂ ಉಂಟು.

ಕಡ್ಡಾಯವೆಂಬುದು ಬಲವಾದ ಅಸ್ತ್ರ. ಆದುದರಿಂದಲೇ ಅದರ ಬಳಕೆ ಮಿತವಾಗಿರಬೇಕು. ಎಲ್ಲವೂ ಕಡ್ಡಾಯವಾದರೆ ವಿಭಾಗದ ಅನುಭವಕ್ಕೆ ಬೆಲೆಯಿಲ್ಲ. ಯಾವುದೂ ಕಡ್ಡಾಯವಲ್ಲದಿದ್ದರೆ ಸಮೂಹಕ್ಕೆ ರಕ್ಷಣೆಯಿಲ್ಲ. ತನಗೊಬ್ಬನಿಗೆ ಸಂಬಂಧಿಸಿದುದರಲ್ಲಿ ಸ್ವಾತಂತ್ರ್ಯ, ಎಲ್ಲರಿಗೂ ತಟ್ಟುವುದರಲ್ಲಿ ಕಟ್ಟುಪಾಡು—ಈ ವಿವೇಕವು ಯಂತ್ರಗಳ ಆಡಳಿತಕ್ಕೂ ಅತ್ಯಗತ್ಯ.